ಕೇಳದವರ ಕೊಂಬು

“ಕೊಂಬಿನ ಹತ್ರ ಮಾತ್ರ ತಮಾಷೆ ಬೇಡ,” ಎಂದರು ಕಿವಿ ಡಾಕ್ಟರು, ಬೀಗದಕೈ ಗೊಂಚಲನ್ನು ಮೇಜಿನ ಮೇಲಿಡುತ್ತ. “ಬೇಕಾದ್ರೆ ನನ್ನ ಆಡಿಕೊಳ್ಳಿ. ಅದನ್ನ ಬೇಡ.”

ಭಾಮೈದ ನಕ್ಕ. ಅವನ ಅಕ್ಕನ ಗಂಡ ಮಂತ್ರಿ. ಹಾಗಾಗಿ ಅವನು ಇಡೀ ಊರಿಗೇ ಭಾಮೈದ. ಸ್ವಂತ ಹೆಸರು ಹಿಡಿದು ಅವನನ್ನು ಕರೆಯುತ್ತಿದ್ದವಳು ಹೆತ್ತಮ್ಮ ಒಬ್ಬಳೇ, ಅವಳೂ ಹೋಗಿಯಾಗಿತ್ತು. ಭಾವ ಬರೀ ಶಾಸಕನಾಗಿದ್ದಾಗ ಇವನು ಸೈಟುಗಳ ದಲ್ಲಾಳಿ. ಭಾವ ಮಂತ್ರಿಯಾದ ಮೇಲೆ ಸಮಾಜಸೇವಕ. ಕೆಲಸ ಅದೇ, ವಿಸಿಟಿಂಗ್ ಕಾರ್ಡು ಬೇರೆ.

ಇವತ್ತು ಅವನು ಕಿವುಡ ಮಕ್ಕಳ ಪ್ರತಿಷ್ಠಾನದ ಹೊಸ ಕಾರ್ಯದರ್ಶಿ. ಹಳೆಯ ಸದಸ್ಯರಿಗೆಲ್ಲ ಒಂದೇ ವಾರದಲ್ಲಿ ಆರೋಗ್ಯ ಕೆಟ್ಟಿತ್ತು. ರಾಜೀನಾಮೆಗಳಲ್ಲಿ ಹಾಗೇ ಬರೆದಿತ್ತು. ತನಿಖೆ, ತೆರಿಗೆ ಎಂಬ ಎರಡು ಕಾಯಿಲೆಗಳು ಊರಲ್ಲಿ ಯಾರಿಗೆ ಯಾವಾಗ ತಗಲಬೇಕೆಂಬುದು ಭಾವನ ಕೈಯಲ್ಲಿತ್ತು. ಕೊನೆಯವರೆಗೂ ಆರೋಗ್ಯವಾಗಿ ಉಳಿದವರು ಈ ಡಾಕ್ಟರೊಬ್ಬರೇ. ಅವರನ್ನೂ ಇವತ್ತು ಗುಣಪಡಿಸಿ ಮನೆಗೆ ಕಳಿಸಲಾಗುತ್ತಿತ್ತು.

ಡಾಕ್ಟರು ಅವನನ್ನು ಒಳಕೋಣೆಗೆ ಕರೆದೊಯ್ದರು. ಕಿಟಕಿಯಿಲ್ಲದ ಕೋಣೆ. ಹೊರಗೆ ಹಗಲು ಉರಿಯುತ್ತಿದ್ದರೂ ಒಳಗೆ ಗೋಡೆಗಳು ಬೆವರಿದಂತೆ ಒದ್ದೆ. ಹಿಂದಿನ ಕಾಲದಲ್ಲಿ ಕಿವಿ ಮಂದವಾದವರು ಕಿವಿಗೆ ಹಿಡಿದುಕೊಳ್ಳುತ್ತಿದ್ದ ಹಿತ್ತಾಳೆಯ ಕೊಂಬು ಎದುರಿನ ಗೋಡೆಯಲ್ಲಿತ್ತು. ಸಣ್ಣ ತುದಿ ಗೋಡೆಯೊಳಗೆ ಹೂತು ಹೋಗಿತ್ತು. ಅಗಲ ಬಾಯಿ ಹೊರಗೆ, ಮನುಷ್ಯನ ಮುಖದ ಎತ್ತರಕ್ಕೆ ತೆರೆದುಕೊಂಡಿತ್ತು. ಅದರೊಳಗಿನಿಂದ ಕಿಲುಬಿನ, ಹಳೆಯ ಮೇಣದ, ಸುಟ್ಟ ಕೂದಲಿನ ವಾಸನೆ.

“ಈ ಪ್ರತಿಷ್ಠಾನ ಕಟ್ಟಿದ ಮಿಲ್ಲಿನ ಒಡತಿಗೆ ಒಬ್ಬನೇ ಮಗ. ಹುಟ್ಟು ಕಿವುಡ,” ಎಂದರು ಡಾಕ್ಟರು, ಬಾಗಿಲ ಬಳಿಯೇ ನಿಂತು. “ಅವನಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಅವಳ ಮೈದುನಂದಿರು ಒಂದು ಲಾರಿ ತಗೊಂಡ್ರು. ಕೇಳಿದ್ದಕ್ಕೆ ‘ಮಗುವಿಗಾಗಿ’ ಅಂದ್ರು. ಅದೇ ಲಾರಿ ಹಿಂದಕ್ಕೆ ಬರ್ತಿತ್ತು, ಮಗು ಹಿಂದೆ ಆಡ್ತಿತ್ತು. ಹಾರ್ನು ಹೊಡೆದ್ರಂತೆ.”

ಅವರು ಕೊಂಬಿನತ್ತ ಬೆರಳು ತೋರಿಸಿದರು.

“ಆಮೇಲೆ ಒಡತಿ ಒಬ್ಬ ಮಾಟಗಾರ್ತಿಯನ್ನ ಕರೆಸಿದಳು. ಮಗನ ಕೊಂಬಿಗೆ ಅವನ ಕೂದಲು, ಸುಡುಗಾಡಿನ ಮಣ್ಣು, ಬಿಸಿ ಮೇಣ ತುಂಬಿ ಗೋಡೆಗೆ ಹೂತಳು. ಇಲ್ಲಿಂದ ದುಡ್ಡು ತೆಗೆದಾಗೆಲ್ಲ ಅದು ಯಾರಿಗಾಗಿ ಅಂತ ಕೊಂಬಿಗೆ ಹೇಳಬೇಕು. ಯಾರ ಹೆಸರು ಹೇಳ್ತೀವೋ ಅವರಿಗೆ ಕಿವಿ ಕೇಳಿಸಲ್ಲ.”

“ಇಷ್ಟು ವರ್ಷ ನೀವು ಇಲ್ಲಿನ ಮಕ್ಕಳ ಹೆಸರು ಹೇಳ್ತಿದ್ರಲ್ಲ?”

“ಅವರು ಮೊದಲೇ ಕಿವುಡರು. ಅವರಿಗೆ ಇನ್ನೇನು ಆಗಬೇಕು?”

“ಹೇಳದೇ ಇದ್ರೆ?”

“ನೀವು ಹೇಳದಿದ್ರೆ ಅದೇ ಕೇಳುತ್ತೆ. ಅದು ಬಾಯಿಬಿಟ್ಟು ಕೇಳೋದನ್ನ ಕೇಳಿಸ್ಕೊಂಡೋರು ಯಾರೂ ನೆಟ್ಟಗಿಲ್ಲ. ನನಗಿಂತ ಮುಂಚೆ ಇದ್ದ ಕಾರ್ಯದರ್ಶಿ ಒಂದು ಫ್ಯಾನು ತಗೊಂಡ. ಹಗಲು ಶಾಲೆಯಲ್ಲಿ ತಿರುಗಲಿ, ರಾತ್ರಿ ನಮ್ಮನೇಲಿ ತಿರುಗಲಿ ಅಂತ ‘ಅರ್ಧ ನನಗೆ’ ಅಂದ. ಮಾರನೇ ದಿನ ಬಲಗಿವಿ ಹೋಯ್ತು. ನಾನೇ ಪರೀಕ್ಷೆ ಮಾಡಿದೆ. ಕಿವಿ ಚೆನ್ನಾಗೇ ಇತ್ತು. ಕೇಳಿಸ್ತಿರಲಿಲ್ಲ, ಅಷ್ಟೇ.”

“ಡಾಕ್ಟ್ರೇ,” ಎಂದ ಭಾಮೈದ, ಅವರ ಹೆಗಲ ಮೇಲೆ ಕೈಹಾಕಿ, “ಕಿವಿಗೆ ಔಷಧಿ ಹಾಕೋರು ನೀವು. ಹೂ ಇಡೋ ಕೆಲಸ ಯಾವಾಗ ಶುರು ಮಾಡಿದ್ರಿ?”

ಡಾಕ್ಟರು ಕೊಡೆ ತೆಗೆದುಕೊಂಡು ಹೊರಟುಹೋದರು.

ಪ್ರತಿಷ್ಠಾನದ ಮೊದಲ ಲಾಭ ಪಡೆದದ್ದು ಭಾವನ ಹೊಸ ಬಂಗಲೆಯ ಹೋಮ್ ಥಿಯೇಟರು. ಗೋಡೆಗೆಲ್ಲ ಮೆತ್ತೆ, ಆಳೆತ್ತರದ ಸ್ಪೀಕರುಗಳು, ಒರಗಿದರೆ ನಿದ್ದೆ ಬರಿಸುವ ಕುರ್ಚಿಗಳು. ಭಾವ ಅದರಲ್ಲಿ ಸಿನಿಮಾ ನೋಡುವವನಲ್ಲ. ತನ್ನ ಭಾಷಣಗಳನ್ನೇ ಹಾಕಿಕೊಂಡು ಕೇಳುವ ಆಸೆ ಅವನದು. “ಊರೆಲ್ಲ ನನ್ನ ಭಾಷಣ ಕೇಳುತ್ತೆ. ನಾನು ಕೇಳೋದು ಯಾವಾಗ?” ಎಂಬುದು ಅವನ ಬಹಳ ದಿನದ ಕೊರಗು. ಲೆಕ್ಕದಲ್ಲಿ ಅದನ್ನು ‘ಶ್ರವಣ ಸಾಧನ’ ಎಂದು ಬರೆಯುವ ಉಪಾಯವೂ ಅವನದೇ. “ಸುಳ್ಳೇನಪ್ಪ ಅದು? ಕೇಳಿಸೋ ಸಾಧನ ತಾನೆ?”

“ಯಾರಿಗೆ ಅಂತ ತೋರಿಸ್ಲಿ ಭಾವ?”

“ನನ್ನ ಹೆಸರಲ್ಲಿ ಮಾತ್ರ ಬೇಡ. ನನ್ನ ಹೆಸರಲ್ಲಿ ಏನಿದೆ ಹೇಳು? ಈ ಕನ್ನಡಕ ಕೂಡ ನಿಮ್ಮಕ್ಕನ ಹೆಸರಲ್ಲಿದೆ. ಮಕ್ಕಳ ಪ್ರತಿಷ್ಠಾನ ತಾನೆ, ಯಾವುದಾದ್ರೂ ಮಗು ಹೆಸರು ಹಾಕು. ನಿನ್ನ ಮಗಳೇ ಇದಾಳಲ್ಲ.”

ಭಾವನ ಹೆಸರು ಕೆಡದಿರಲು ಭಾಮೈದನ ಮನೆಯ ಹೆಸರುಗಳೆಲ್ಲ ಹೀಗೆ ಹಿಂದೆಯೂ ಬಳಕೆಗೆ ಬಂದಿದ್ದವು. ಪೆಟ್ರೋಲ್ ಬಂಕು ಅವನ ಹೆಂಡತಿಯ ಹೆಸರಲ್ಲಿತ್ತು, ಮಾವನ ಹೆಸರಲ್ಲೊಂದು ಕಲ್ಲಿನ ಕ್ವಾರಿ. ಮಗಳ ಸರದಿ ಇದೇ ಮೊದಲು.

ಆಫೀಸಿನ ಗುಮಾಸ್ತರಿಬ್ಬರು ಒಳಕೋಣೆಯ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅವರ ಹೆದರಿಕೆ ಕಂಡೇ ಭಾಮೈದನಿಗೆ ಹುರುಪು ಬಂದದ್ದು. ಕೊಂಬಿನ ಮುಂದೆ ನಿಂತು, ಮದುವೆ ಮನೆಯಲ್ಲಿ ಮೈಕು ಸಿಕ್ಕವನಂತೆ ಗಂಟಲು ಸರಿಮಾಡಿಕೊಂಡ.

“ಹಲೋ, ಹಲೋ. ಮೈಕ್ ಟೆಸ್ಟಿಂಗ್. ಇದು ಗುಬ್ಬಿಗಾಗಿ. ನನ್ನ ಮಗಳು ಗುಬ್ಬಿಗಾಗಿ!”

ಮಾತು ಒಳಗೆ ಹೋಯಿತು. ಅಷ್ಟೇ. ಲೋಹದಲ್ಲಿ ಮೊಳಗಬೇಕಾದದ್ದು ಮೊಳಗಲಿಲ್ಲ. ಬಾವಿಗೆ ಎಸೆದ ಕಲ್ಲು ನೀರು ಮುಟ್ಟಿದ ಸದ್ದೇ ಬಾರದಿದ್ದರೆ ಹೇಗೋ ಹಾಗೆ. ಅವನು ಮುಖ ಹಿಂದೆಗೆಯುವ ಮೊದಲು ಕೊಂಬಿನೊಳಗಿನಿಂದ ಒಂದು ಉಸಿರು ಬಂದು ತುಟಿಗೆ ತಾಗಿತು. ಒದ್ದೆಯಾಗಿ, ಬೆಚ್ಚಗೆ. ನೆಗಡಿಯಾದ ಮಗು ಹತ್ತಿರ ಬಂದು ಉಸಿರು ಬಿಟ್ಟ ಹಾಗೆ.

“ಏನಾಯ್ತು ಸಾರ್?” ಎಂದ ಒಬ್ಬ ಗುಮಾಸ್ತ.

“ಏನಿಲ್ಲ. ಗಾಳಿ.” ಭಾಮೈದ ತುಟಿ ಒರೆಸಿಕೊಂಡ. ಗೋಡೆಯ ಆಚೆ ಗಾಳಿ ಬರಲು ಏನೂ ಇರಲಿಲ್ಲ. ಅಲ್ಲಿ ಇನ್ನೊಂದು ಗೋಡೆಯಿತ್ತು.

ಗುಬ್ಬಿಗೆ ಆ ಹೆಸರು ಬಂದದ್ದೇ ಅವಳ ಚಿಲಿಪಿಲಿಯಿಂದ. ಬಾಯಿ ಮುಚ್ಚಿದರೆ ನಿದ್ದೆ, ಬಾಯಿ ತೆರೆದರೆ ಪ್ರಶ್ನೆ. ಭಾಮೈದ ಊರಲ್ಲಿ ಎಷ್ಟೇ ಜನರಿಗೆ ಟೋಪಿ ಹಾಕಿ ಬಂದರೂ ಮನೆಯಲ್ಲಿ ಮಗಳು ಹಾಕಿದ ಕಾಗದದ ಟೋಪಿ ತೊಟ್ಟು ಕೂರುತ್ತಿದ್ದ. ಅವಳೊಬ್ಬಳ ಮುಂದೆ ಮಾತ್ರ ಅವನು ಯಾರ ಭಾಮೈದನೂ ಆಗಿರಲಿಲ್ಲ.

ಮೊದಲು ಕುಕ್ಕರಿನ ಸೀಟಿ ಹೋಯಿತು. ಸೀಟಿ ಕೂಗಿದಾಗೆಲ್ಲ ಬೆಚ್ಚಿ ಅಮ್ಮನ ಸೆರಗು ಹಿಡಿಯುತ್ತಿದ್ದ ಹುಡುಗಿ ಅವತ್ತು ಒಲೆಯ ಪಕ್ಕದಲ್ಲೇ ಕೂತು ಬಣ್ಣ ಬಳಿಯುತ್ತಿದ್ದಳು. ಆಮೇಲೆ ಗಡಿಯಾರ, ಬಾಗಿಲ ಬೆಲ್ಲು, ಬೀದಿಯ ಸ್ಕೂಟರುಗಳು. ದಿನ ಕಳೆದಂತೆ ಮನೆಯ ಸದ್ದುಗಳು ಒಂದೊಂದಾಗಿ ಅವಳನ್ನು ಬಿಟ್ಟು ಹೋದವು.

“ರೀ, ಇವಳು ಕರೆದ್ರೆ ತಿರುಗಿ ನೋಡ್ತಿಲ್ಲ,” ಎಂದಳು ಹೆಂಡತಿ.

“ಕಿವಿಯಲ್ಲಿ ಗುಗ್ಗೆ ತುಂಬಿರಬೇಕು ಕಣೆ.”

“ಅಪ್ಪಾ,” ಎಂದಳು ಗುಬ್ಬಿ, ತನ್ನ ದನಿ ತನಗೇ ಅಂದಾಜಾಗದೆ ಕಿರುಚುತ್ತ. “ಒಬ್ಬ ಹುಡುಗ ಬರ್ತಾನೆ. ನನ್ನ ಕಿವಿಗೆ ಮಣ್ಣು ತುಂಬ್ತಾನೆ. ಬೇಡ ಅಂದ್ರೆ ಅವನಿಗೆ ಕೇಳಿಸೋದೇ ಇಲ್ಲ!”

ಅವನು ಮಗಳ ಕಿವಿಗೆ ಮೂಗು ಹಿಡಿದು ಮೂಸಿದ. ಹಸಿ ಮಣ್ಣು. ಮೇಣ. ಸುಟ್ಟ ಕೂದಲು.

ಕಿವಿ ಡಾಕ್ಟರು ತಮ್ಮ ಮನೆಯ ಮುಂಗೋಣೆಯಲ್ಲಿ ಗುಬ್ಬಿಯನ್ನು ಪರೀಕ್ಷಿಸಿದರು. ದೀಪ ಹಿಡಿದು ಒಳಗೆ ನೋಡಿದರು, ಯಂತ್ರ ಹಚ್ಚಿದರು, ತೆಗೆದರು. ಬೆನ್ನ ಹಿಂದೆ ಸ್ಟೀಲು ಲೋಟ ಬೀಳಿಸಿದರು. ತಾಯಿ ಬೆಚ್ಚಿದಳು, ಮಗಳು ರೆಪ್ಪೆಯನ್ನೂ ಆಡಿಸಲಿಲ್ಲ.

“ಕಿವಿ ಚೆನ್ನಾಗೇ ಇದೆ,” ಎಂದರು ಡಾಕ್ಟರು.

ಭಾಮೈದ ಅವರ ಕಾಲಬುಡದಲ್ಲಿ ಕೂತ. “ತಪ್ಪಾಯ್ತು ಡಾಕ್ಟ್ರೇ. ಬಿಡಿಸೋ ದಾರಿ ಹೇಳಿ. ನಿಮ್ಮ ಕಾಲು ಹಿಡೀತೀನಿ.”

“ನನ್ನ ಕಾಲು ಯಾಕೆ? ತಿಂದೋನ ಬಾಯಿ ಹಿಡೀರಿ. ಹೆಸರು ಸುಳ್ಳಾದ್ರೆ, ನಿಜವಾಗ್ಲೂ ಉಂಡೋನೇ ಬಂದು ಕೊಂಬಿಗೆ ಬಾಯಿಟ್ಟು ಯಾರಿಗಾಗಿ ಅಂತ ಹೇಳಬೇಕು. ಹಳೇ ಹೆಸರು ಬಿಟ್ಟುಹೋಗುತ್ತೆ. ಅವನು ಹೇಳಿದ್ದು ನಿಲ್ಲುತ್ತೆ. ಅದಾದ ಮೇಲೆ ಬದಲಾಯಿಸೋಕೆ ಯಾರಿಂದಲೂ ಆಗಲ್ಲ.”

ಅಲ್ಲಿಂದ ಅವನು ನೇರ ಪ್ರತಿಷ್ಠಾನಕ್ಕೆ ಓಡಿದ. ಒಳಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡ. ಬೈಯಬೇಕೆಂದು ಬಂದಿದ್ದ, ಬೇಡಿಕೊಂಡ. ಕೊಂಬು ಸುಮ್ಮನಿತ್ತು. ಕೊನೆಗೆ ಬಾಯಿಯ ಬದಲು ಕಿವಿಯಿಟ್ಟ.

ಕುಕ್ಕರಿನ ಸೀಟಿ ಕೇಳಿಸಿತು. ಬಹಳ ದೂರದಿಂದ, ಮಣ್ಣಿನ ಅಡಿಯಿಂದ. ಆಮೇಲೆ ಅವನ ಮನೆಯ ಗಡಿಯಾರ. ಅವನ ಮನೆಯದೇ ಬೆಲ್ಲು. ಅವನ ಹೆಂಡತಿಯ ದನಿ, “ಗುಬ್ಬೀ, ಬಾರೇ ಊಟಕ್ಕೆ.” ಅದರ ಹಿಂದೆ ಅವನದೇ ನಗು, ಅವನದೇ ಜೋಗುಳ. ಮಗಳು ಕಳೆದುಕೊಂಡದ್ದೆಲ್ಲ ಅಲ್ಲಿತ್ತು, ಒಂದರ ಮೇಲೊಂದು ಪೇರಿಸಿಟ್ಟಂತೆ. ಎಲ್ಲಕ್ಕಿಂತ ತಳದಲ್ಲಿ ಒಂದು ಲಾರಿ ಹಾರ್ನು ಹೊಡೆಯುತ್ತಿತ್ತು. ನಿಲ್ಲಿಸದೆ ಹೊಡೆಯುತ್ತಿತ್ತು. ಹತ್ತಿರವಾಗುತ್ತಿತ್ತು.

ಕಿವಿ ಕಿತ್ತುಕೊಂಡು ಹೊರಗೆ ಬಂದಾಗ ಅವನ ಕೆನ್ನೆಗೆ ಮೇಣ ಅಂಟಿತ್ತು.

ಭಾವ ಹೋಮ್ ಥಿಯೇಟರಿನಲ್ಲಿದ್ದ. ತೆರೆಯ ಮೇಲೆ ಅವನೇ ಮಾತಾಡುತ್ತಿದ್ದ, ಕುರ್ಚಿಯಲ್ಲಿ ಅವನೇ ತಲೆದೂಗುತ್ತಿದ್ದ. ಪಕ್ಕದಲ್ಲಿ ಅಕ್ಕ, ಎಷ್ಟೋ ವರ್ಷದಿಂದ ಕೇಳಿಯೂ ಕೇಳದಂತೆ ಕೂರಲು ಕಲಿತವಳು.

“ಭಾವ, ಒಂದೇ ಒಂದು ಸಲ ಬಂದು ಆ ಕೊಂಬಿಗೆ ‘ನನಗಾಗಿ’ ಅಂತ ಹೇಳಿಬಿಡಿ. ನನ್ನ ಮಗು ಉಳೀತದೆ.”

“ಮಾಟ ಅಂತೆ, ಮಂತ್ರ ಅಂತೆ. ನಿಂಗೆ ತಲೆ ಕೆಟ್ಟಿದೆಯೇನೋ?”

“ಮಾಟ ಇಲ್ಲ ಅಂದ್ಮೇಲೆ ಹೇಳೋಕೆ ಏನು ಕಷ್ಟ?”

ಭಾವ ರಿಮೋಟು ಒತ್ತಿ ತನ್ನನ್ನು ನಿಲ್ಲಿಸಿದ. ಅವನ ಮುಖದಲ್ಲಿ ಮೊದಲ ಸಲ ಭಯ ಕಂಡಿತು. “ಮಾಟ ಹಾಳಾಗಿ ಹೋಗ್ಲಿ. ‘ನನಗಾಗಿ ತಗೊಂಡೆ’ ಅಂತ ನನ್ನ ಬಾಯಲ್ಲಿ ಬಂದ್ರೆ ರೆಕಾರ್ಡ್ ಮಾಡೋಕೆ ಕಾಯ್ತಿರೋರು ಎಷ್ಟು ಜನ ಗೊತ್ತಾ ನಿಂಗೆ? ಮಗೂಗೆ ಒಳ್ಳೆ ಮಷೀನು ಹಾಕಿಸು. ಪ್ರತಿಷ್ಠಾನದ ದುಡ್ಡಲ್ಲೇ ಹಾಕಿಸು, ನಾನೇನು ಬೇಡ ಅಂತೀನಾ?”

“ರೀ, ನನ್ನ ತಮ್ಮನ ಮಗಳು ಅದು,” ಎಂದಳು ಅಕ್ಕ.

“ಅದಕ್ಕೇ ಹೇಳಿದ್ದು, ಒಳ್ಳೆ ಮಷೀನು ಅಂತ.” ರಿಮೋಟು ಮತ್ತೆ ಒತ್ತಿದ. ತೆರೆಯ ಮೇಲಿನ ಭಾವ ಬಡವರ ಕಣ್ಣೀರು ಒರೆಸತೊಡಗಿದ.

ಕಾರಿನಲ್ಲಿ ಕೂತು ಭಾಮೈದ ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡ. ಆಗ ಹೊಳೆಯಿತು. ಭಾವನಿಗೆ ಅನ್ನ ಬಿಟ್ಟರೂ ಇರಲಾದೀತು. ವೇದಿಕೆ ಮತ್ತು ತನ್ನ ಹೆಸರು ಬಿಟ್ಟು ಇರಲಾರ. ಕಾರ್ಯಕ್ರಮವಿಲ್ಲದ ದಿನ ಕನ್ನಡಿಯ ಮುಂದೆ ಉದ್ಘಾಟನೆ ಮಾಡುವ ಮನುಷ್ಯ.

ಪ್ರತಿಷ್ಠಾನದ ವಾರ್ಷಿಕ ಸಮಾರಂಭ ನಿಗದಿಯಾಯಿತು. ಒಳಕೋಣೆಗೂ ದೊಡ್ಡ ಹಾಲಿಗೂ ನಡುವೆ ಇದ್ದ ಮರದ ತಡಿಕೆಯನ್ನು ಭಾಮೈದ ಕೀಳಿಸಿದ. ಈಗ ಕೊಂಬಿನ ಗೋಡೆಯೇ ವೇದಿಕೆಯ ಹಿನ್ನೆಲೆ. ಕೊಂಬಿನ ಪಕ್ಕ ಮೈಕು ಕಟ್ಟಿಸಿದ, ಊರಿನ ಬೀದಿಬೀದಿಯ ಕಂಬಕ್ಕೂ ಧ್ವನಿವರ್ಧಕ ಹಾಕಿಸಿದ. ಭಾಷಣದ ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆಸಿದ: ‘ಈ ಸೇವೆಯ ಹಿಂದಿರುವ ಹೆಸರನ್ನು ಮಾನ್ಯ ಮಂತ್ರಿಗಳು ಐತಿಹಾಸಿಕ ಕೊಂಬಿನಲ್ಲಿ ಉಚ್ಚರಿಸುವರು.’ ಭಾವ ಓದಿ, ಮೀಸೆಯಲ್ಲೇ ನಕ್ಕು, ತಲೆಯಾಡಿಸಿದ್ದ. ಆ ಹೆಸರು ಯಾವುದೆಂದು ಅವನಿಗೆ ಅನುಮಾನವಿರಲಿಲ್ಲ. ಭಾಮೈದನಿಗೂ ಇರಲಿಲ್ಲ.

ಬೆಳಿಗ್ಗೆಯೇ ಹಾಲು ತುಂಬಿತು. ಮುಂದಿನ ಸಾಲಿನಲ್ಲಿ ಶಾಲೆಯ ಕಿವುಡ ಮಕ್ಕಳು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಕೈಸನ್ನೆಯಲ್ಲೇ ಚೇಷ್ಟೆ ಮಾಡಿಕೊಳ್ಳುತ್ತ. ಹಿಂದೆ ಹೆತ್ತವರು, ಅಧಿಕಾರಿಗಳು, ಪತ್ರಕರ್ತರು, ಉಪಾಹಾರದ ವಾಸನೆ ಹಿಡಿದು ಬಂದವರು. ಬಾಗಿಲ ಬಳಿ ಹೆಂಡತಿ, ಅವಳ ಕಾಲಿಗೆ ಆತು ನಿಂತ ಗುಬ್ಬಿ. ಗುಬ್ಬಿ ಈಗ ಏನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಏನೂ ಕೇಳುತ್ತಲೂ ಇರಲಿಲ್ಲ. ಪ್ರಶ್ನೆಗಳು ನಿಂತು ವಾರವಾಗಿತ್ತು.

ಭಾವ ಎದ್ದ. ಶಾಲು ಸರಿಮಾಡಿಕೊಂಡ. ಕೊಂಬಿನ ಮುಂದೆ ನಿಂತ.

ಮೇಣದ ವಾಸನೆ ಎದ್ದಿತು. ಹಾಲಿನ ದೀಪಗಳು ಮಂಕಾದವು. ಮುಂದಿನ ಸಾಲಿನ ಮಕ್ಕಳ ಕೈಗಳು ಒಮ್ಮೆಗೇ ನಿಂತವು. ಅವರೆಲ್ಲ ಗೋಡೆಯನ್ನೇ ನೋಡುತ್ತಿದ್ದರು, ಅಲ್ಲಿ ತಮ್ಮಂಥವನೇ ಒಬ್ಬ ನಿಂತಿರುವ ಹಾಗೆ.

ಹೇಳು ಭಾವ. ಹೇಳು. ಭಾಮೈದ ವೇದಿಕೆಯ ಕೆಳಗೆ ನಿಂತು ತುಟಿಯಾಡಿಸಿದ. ನಿನ್ನ ಹೆಸರು. ಒಂದೇ ಒಂದು ಹೆಸರು.

ಭಾವ ಕೊಂಬಿಗೆ ಬಾಯಿಟ್ಟ. ಆಮೇಲೆ ಜನರತ್ತ ಓರೆಗಣ್ಣು ಹಾಯಿಸಿದ. ಕ್ಯಾಮೆರಾಗಳು ಕಂಡವು. ತುಂಬಿದ ಹಾಲು ಕಂಡಿತು. ಅವನ ಮುಖ ಮೆತ್ತಗಾಯಿತು, ಕಣ್ಣು ತೇವವಾಯಿತು, ದನಿ ಗದ್ಗದವಾಯಿತು.

“ನನ್ನ ಹೆಸರು ಹೇಳಬೇಕಂತೆ! ನನ್ನದು ಅಂತ ಇಲ್ಲಿ ಏನಿದೆ ಬಂಧುಗಳೇ?”

ಭಾಮೈದ ಓಡಿದ.

ಅವನು ಮೆಟ್ಟಿಲು ಹತ್ತಿದ. ಭಾವಾ, ಬೇಡ! ಯಾರೋ ತಡೆದರು. ಫೋಟೋಗೆ ನಿಲ್ಲಲು ಬಂದನೆಂದುಕೊಂಡು ತೋಳು ಹಿಡಿದು ಪಕ್ಕದಲ್ಲಿ ನಿಲ್ಲಿಸಿದರು. ಕ್ಯಾಮೆರಾ ಮಿಂಚಿತು.

“ಇದೆಲ್ಲ ಯಾರಿಗಾಗಿ? ಹೇಳ್ತೀನಿ ಕೇಳಿ! ಈ ಊರಿನ ಪ್ರತಿಯೊಬ್ಬ ತಾಯಿಗಾಗಿ! ತಂದೆಗಾಗಿ! ನನ್ನ ಅಕ್ಕತಂಗಿಯರಿಗಾಗಿ, ಅಣ್ಣತಮ್ಮಂದಿರಿಗಾಗಿ, ಹಿರಿಯರಿಗಾಗಿ, ಯುವಕರಿಗಾಗಿ, ಮತ ಕೊಟ್ಟವರಿಗಾಗಿ, ಕೊಡದೇ ಇದ್ದವರಿಗಾಗಿ!”

ಚಪ್ಪಾಳೆ ಭೋರ್ಗರೆಯಿತು.

ಭೋರ್ಗರೆಯುತ್ತಲೇ ತೆಳುವಾಯಿತು. ಮಳೆ ನಿಲ್ಲುವ ಹಾಗೆ. ಹನಿ. ಹನಿ. ಒಂದು ಹನಿ.

ಕೈಗಳು ಮಾತ್ರ ಆಡುತ್ತಿದ್ದವು. ಸದ್ದಿಲ್ಲದೆ. ಸಾಲುಸಾಲು ಅಂಗೈಗಳು ಒಂದಕ್ಕೊಂದು ಬಡಿದು, ಬಡಿದು, ಅನುಮಾನದಿಂದ ನಿಂತವು. ಜನ ತಮ್ಮ ಅಂಗೈ ನೋಡಿಕೊಂಡರು. ಬಾಯಿ ತೆರೆದರು. ಒಬ್ಬ ಹೆಂಗಸು ಎರಡೂ ಕಿವಿ ಹಿಡಿದುಕೊಂಡು ಕುಕ್ಕರಿಸಿದಳು. ಅವಳ ಗಂಟಲ ನರ ಉಬ್ಬಿತ್ತು, ಕಿರುಚಿದ ಸದ್ದು ಎಲ್ಲೂ ಇರಲಿಲ್ಲ. ಭಾಮೈದ ಕೂಗಿದ. ತನ್ನ ಕೂಗು ತಲೆಬುರುಡೆಯೊಳಗೆ ನಡುಗಿದ್ದು ತಿಳಿಯಿತು, ಅಷ್ಟೇ.

ಬೀದಿಗಳಲ್ಲಿ ವಾಹನಗಳು ಒಂದರ ಮೇಲೊಂದು ಏರಿದ್ದು ಯಾರಿಗೂ ಕೇಳಿಸಲಿಲ್ಲ.

ಬಾಗಿಲ ಬಳಿ ಗುಬ್ಬಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. ಅವಳ ಕಿವಿಯಿಂದ ಮಣ್ಣು ಸುರಿದು ಫ್ರಾಕಿನ ಮೇಲೆ ಬಿದ್ದಿತ್ತು. ಮುಖ ಅರಳುತ್ತಿತ್ತು. ಭಾವ ತನ್ನ ಪಟ್ಟಿಯಲ್ಲಿ ಎಲ್ಲರನ್ನೂ ಸೇರಿಸಿದ್ದ, ಮಕ್ಕಳನ್ನು ಮಾತ್ರ ಮರೆತಿದ್ದ. ಮಕ್ಕಳಿಗೆ ಓಟಿಲ್ಲ.

ಅವಳು ಅಪ್ಪನತ್ತ ಓಡಿ ಬಂದಳು. ಅವಳ ತುಟಿ ಎರಡು ಸಲ ಕೂಡಿ ಬಿಟ್ಟಿತು. ಅಪ್ಪಾ. ಅವನು ನೋಡಿದ. ಕೇಳಲಿಲ್ಲ. ಅವಳನ್ನು ಎತ್ತಿಕೊಂಡು, ಅವಳ ಗಂಟಲಿಗೆ ಕೆನ್ನೆಯಿಟ್ಟು, ಮಗಳ ದನಿಯ ಕಂಪನವನ್ನು ಚರ್ಮದಿಂದ ಹೆಕ್ಕಿಕೊಂಡು ಅತ್ತ. ಉಳಿದಳಲ್ಲ ಎಂದು ಅತ್ತ.

ಭಾವನಿಗೆ ಏನೂ ಆಗಿರಲಿಲ್ಲ. ಅವನು ಯಾವತ್ತಿನಂತೆ ಆ ಪಟ್ಟಿಯಲ್ಲಿ ತನ್ನನ್ನು ಸೇರಿಸಿಕೊಂಡಿರಲಿಲ್ಲ.

ಊರು ಈಗ ಕೈಸನ್ನೆ ಕಲಿಯುತ್ತಿದೆ. ಶಾಲೆಯ ಮಕ್ಕಳೇ ಮೇಷ್ಟ್ರುಗಳು. ದೊಡ್ಡವರು ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಮಡಿಸಿ ಕೂತು ‘ನೀರು’, ‘ಅನ್ನ’, ‘ನೋವು’ ಎಂಬುದಕ್ಕೆ ಬೆರಳು ತಿರುಗಿಸುತ್ತಾರೆ. ಊರಿಗೆ ಊರೇ ಅರ್ಹ ಫಲಾನುಭವಿಯಾದ್ದರಿಂದ ಪ್ರತಿಷ್ಠಾನದ ಹಣ ಖರ್ಚು ಮಾಡಲು ಯಾರ ಸುಳ್ಳು ಹೆಸರೂ ಬೇಕಿಲ್ಲ. ಯಾವ ಕಿವಿಗೂ ಕೇಳಿಸದ ಶ್ರವಣಯಂತ್ರಗಳನ್ನು ಭಾವ ಎಲ್ಲರಿಗೂ ಹಂಚಿದ. ಅವನ್ನು ಮಾರಿದ ಕಂಪನಿ ಅಕ್ಕನ ಹೆಸರಲ್ಲಿದೆ. ಮಂತ್ರಿಯನ್ನು ಕೇಳುವವರೇ ಇಲ್ಲದಂತಾಯಿತು, ಎರಡೂ ಅರ್ಥದಲ್ಲಿ. ಬಂಗಲೆಯಲ್ಲಿ ಅಕ್ಕ ಮಾತ್ರ ಮದುವೆಯಾದ ಮೇಲೆ ಮೊದಲ ಸಲ ಕಣ್ತುಂಬ ನಿದ್ದೆ ಮಾಡುತ್ತಾಳೆ.

ಕಂಬಗಳ ಮೇಲಿನ ಧ್ವನಿವರ್ಧಕಗಳನ್ನು ಯಾರೂ ಇಳಿಸಲಿಲ್ಲ. ಕೇಳಿಸದ ಮೇಲೆ ಯಾರಿಗೆ ನೆನಪು? ಭಾವ ಬೆಳಿಗ್ಗೆ ಶುರು ಮಾಡುತ್ತಾನೆ. ಸಾಕು ಎನ್ನುವವರಿಲ್ಲ. ಬೀದಿಯಲ್ಲಿ ದೊಡ್ಡವರು ತಮ್ಮ ಪಾಡಿಗೆ ತರಕಾರಿ ಕೊಳ್ಳುತ್ತಾರೆ. ಅವರ ಕೈ ಹಿಡಿದ ಮಕ್ಕಳು ಮಾತ್ರ ತಲೆ ತಗ್ಗಿಸಿ, ಹೆಗಲು ಕುಗ್ಗಿಸಿ, ಕಲ್ಲು ಬೀಳುವ ಕಡೆ ನಡೆದಂತೆ ನಡೆಯುತ್ತಾರೆ.

ಒಂದು ಮಧ್ಯಾಹ್ನ ಭಾಮೈದ ಊಟಕ್ಕೆ ಮನೆಗೆ ಬಂದಾಗ ಕಿಟಕಿಗಳೆಲ್ಲ ಮುಚ್ಚಿದ್ದವು. ಗುಬ್ಬಿ ಮೂಲೆಯಲ್ಲಿ ಕೂತಿದ್ದಳು, ಕಿವಿಗಳಿಗೆ ಹತ್ತಿ ತುರುಕಿಕೊಂಡು, ಅದರ ಮೇಲೆ ಅಮ್ಮನ ದುಪಟ್ಟಾ ಬಿಗಿದುಕೊಂಡು. ಹೊರಗಿನ ಕಂಬದಿಂದ ಏನು ಬರುತ್ತಿದೆಯೆಂದು ಅವನಿಗೆ ತಿಳಿಯಲಿಲ್ಲ. ಕಿಟಕಿಯ ಗಾಜು ನಡುಗುತ್ತಿದ್ದದ್ದು ಕಂಡಿತು.

ಅವನು ಮಗಳ ಮುಂದೆ ಕೂತ. ಕಲಿತ ಕೆಲವೇ ಸನ್ನೆಗಳಲ್ಲಿ ಕೇಳಿದ: ಏನು ಬೇಕು?

ಗುಬ್ಬಿ ಬಹಳ ಹೊತ್ತು ಅಪ್ಪನನ್ನೇ ನೋಡಿದಳು. ಆಮೇಲೆ ನಿಧಾನವಾಗಿ, ಅವನಿಗೆ ಒಂದೂ ತಪ್ಪದಂತೆ, ಕೈಯಾಡಿಸಿದಳು.

‘ಆ ಹುಡುಗನ್ನ ವಾಪಸ್ ಕರಿ. ನನ್ನ ಕಿವಿಗೂ ಮಣ್ಣು ಹಾಕೋಕೆ ಹೇಳು.’